ಪಟಮಟದ ಉಪ್ಪಿನ ನಾಲಿಗೆ

ಪಟಮಟ, ವಿಜಯವಾಡ
೨೯ ಮೇ ೨೦೨೫, ಗುರುವಾರ

ವಿಶಾಖಪಟ್ಟಣದ ಸಮುದ್ರದ ಗಾಳಿ ಕುಡಿದು ಕುಡಿದು ಕನ್ನಡ ಮರೆಯುತ್ತಿರುವ ನನ್ನ ಮುದ್ದಿನ ಮಗಳು ಜಾಹ್ನವಿಗೆ, ಹಿಂದಿನ ಸಾಲಿನ ನೆಲದ ಟಿಕೇಟಿನವರಿಗೂ ಕೇಳಿಸುವಂಥ ದನಿಯಲ್ಲಿ ನಿನ್ನ ಅಮ್ಮ ತುಳಸಿ ಮಾಡುವ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನಾನು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಫ್ಯಾನು ತಿರುಗುತ್ತಿದೆ. ನಿಮ್ಮಪ್ಪ ಎದುರಿಗೆ ಪೇಪರು ಹಿಡಿದು ನಿದ್ದೆ ಮಾಡುತ್ತಿದ್ದಾರೆ. ಊದಿದ ಕಾಲು ಇಳಿದು, ನನ್ನ ಬೆಳ್ಳಿ ಕಾಲುಂಗುರ ಮತ್ತೆ ಸಲೀಸಾಗಿ ತಿರುಗುತ್ತಿದೆ. ಇಷ್ಟು ತಿಳಿದುಕೊಂಡ ಮೇಲೆ ನೀನು ಮುಂದೆ ಓದಬಹುದು.

ಫೋನಿದ್ದೂ ಪತ್ರವೇಕೆ ಎಂದು ಕೇಳುತ್ತೀಯಾ. ಫೋನಿನಲ್ಲಿ ನೀನು ಹಲೋ ಎನ್ನುವ ಮೊದಲೇ ತೆಲುಗಿನಲ್ಲಿ ಮಾತ್ರೆ ತಗೊಂಡೆಯಾ ಎಂದು ಕೇಳುತ್ತೀ. ನಾನು ಹೂಂ ಎನ್ನುತ್ತೇನೆ. ಮುಗಿಯಿತು ಸಂಭಾಷಣೆ. ಅಚ್ಯುತಾಪುರದ ಕಾರ್ಖಾನೆಯಲ್ಲಿ ದಿನವಿಡೀ ಮಾತ್ರೆ ಪರೀಕ್ಷೆ ಮಾಡುವ ನಿನ್ನ ಪಾಲಿಗೆ ಮಾತ್ರೆ ಗಂಟಲಿಳಿದರೆ ಕಥೆ ಮುಗಿದಂತೆ. ನನ್ನ ಕಥೆ ಶುರುವಾಗುವುದೇ ಅಲ್ಲಿಂದ. ನಾಟಕದ ಕಂಪನಿಯ ಟೆಂಟಿನಲ್ಲಿ ಹುಟ್ಟಿ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಬೆಳೆದವಳು ನಾನು. ಪರದೆ ಎಳೆಯದೆ, ದೀಪ ಹಚ್ಚದೆ, ಒಂದು ಲೋಟ ನೀರು ಕುಡಿದ ಸಂಗತಿಯನ್ನೂ ಹೇಳಲಾರೆ. ನಿನ್ನ ಕನ್ನಡದ ಓದು ನಿಧಾನ ಎಂದು ಗೊತ್ತು. ನಿಧಾನವಾಗಿಯೇ ಓದು. ಇದು ನಿಧಾನವಾಗಿ ತಿಳಿಯಬೇಕಾದ ಸಂಗತಿ.

ಫೆಬ್ರವರಿಯ ಕಥೆ ನಿನಗೆ ಗೊತ್ತೇ ಇದೆ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಎಕೋ ಮಾಡಿಸಿದೆವು, ಹೃದಯದ ಪಂಪು ಸೋತಿದೆ ಎಂದರು ಡಾಕ್ಟರು, ನೀನು ಓಡಿಬಂದು ವಾರ ಇದ್ದು ಹೋದೆ. ನೀನು ರೈಲು ಹತ್ತಿದ ಮೇಲೆ ರಂಗಕ್ಕೆ ಬಂದವಳು ಲಕ್ಷ್ಮೀಪ್ರಸನ್ನ. ಆ ಆಸ್ಪತ್ರೆಯ ನರ್ಸು, ಇಬ್ರಾಹಿಂಪಟ್ನಂ ಹುಡುಗಿ, ಅವಳ ಅಪ್ಪ ಅಲ್ಲಿಯ ವಿದ್ಯುತ್ ಸ್ಥಾವರದಲ್ಲಿ ದುಡಿದವರು. ದನಿ ಎಷ್ಟು ಸಣ್ಣದೆಂದರೆ ನಮ್ಮ ಕಂಪನಿಯಲ್ಲಿದ್ದಿದ್ದರೆ ಗೇಟಿನಲ್ಲಿ ಟಿಕೇಟು ಹರಿಯಲೂ ನಿಲ್ಲಿಸುತ್ತಿರಲಿಲ್ಲ. ಅಂಥವಳು ಪ್ರತಿ ಬುಧವಾರ ಕಾರಿಡಾರಿನ ಕೊನೆಯಲ್ಲಿ ಬೆಂಚು ಹಾಕಿಸಿ, ನನ್ನಂಥ ಸೋತ ಹೃದಯದವರನ್ನೆಲ್ಲ ಕೂರಿಸಿ, ತೂಕದ ಯಂತ್ರ, ನೀರಿನ ಬಾಟಲಿ, ಉಪ್ಪಿನ ಪೊಟ್ಟಣ ಮುಂದಿಟ್ಟುಕೊಂಡು ಪಾಠ ಮಾಡುತ್ತಾಳೆ. ಪಾಠ ಮುಗಿದ ಮೇಲೆ ಅವಳದೊಂದು ಪದ್ಧತಿ. ಈಗ ನೀವು ನನಗೆ ಹೇಳಿಕೊಡಿ ಎನ್ನುತ್ತಾಳೆ.

ಮಿಕ್ಕವರೆಲ್ಲ ಗೊಣಗುಟ್ಟಿದರು. ನನ್ನ ಸರದಿ ಬಂತು. ನಾನು ಎದ್ದೆ. ಸೆರಗು ಸರಿಪಡಿಸಿಕೊಂಡೆ. ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿಬಂದು, ಕಾಫಿಗೆ ಮುಂಚೆ ತೂಕ ನೋಡತಕ್ಕದ್ದು. ತೂಕ ಸರಸರನೆ ಏರಿದರೆ ಅದು ಕೊಬ್ಬಲ್ಲ, ಮೈಯೊಳಗೆ ನಿಂತ ನೀರು, ತಡಮಾಡದೆ ಫೋನು ಮಾಡತಕ್ಕದ್ದು. ಉಪ್ಪಿಗೆ ಕಡಿವಾಣ, ನೀರಿಗೆ ಅಳತೆ, ಮಾತ್ರೆಗೆ ರಜೆಯಿಲ್ಲ ಎಂದು ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದು ಒಪ್ಪಿಸಿದೆ. ಎಕ್ಸ್‌ರೇ ರೂಮಿನವರು ಬಾಗಿಲು ತೆಗೆದು ನೋಡಿದರು. ಆ ತುದಿಯಿಂದ ಯಾರೋ ಪುಣ್ಯಾತ್ಮರು ಒನ್ಸ್ ಮೋರ್ ಎಂದರು.

ಲಕ್ಷ್ಮೀಪ್ರಸನ್ನ ನಕ್ಕಳು. ಮಂಡಿಯೂರಿ ಕೂತು ನನ್ನ ಕಣಕಾಲನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟಳು. ಹಿಟ್ಟಿನಲ್ಲಿ ಒತ್ತಿದಂತೆ ಗುಳಿ ಬಿತ್ತು.

“ಮಾತು ಚೆನ್ನಾಗಿದೆ ಅಮ್ಮಗಾರೂ,” ಎಂದಳು. “ಕಾಲಿಗೆ ಇನ್ನೂ ಪಾಠ ಬಂದಿಲ್ಲ.”

ಅವಳ ತೆಲುಗನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ತೆಲುಗಿನಲ್ಲಿ ಇನ್ನೂ ಚುರುಕಾಗಿತ್ತು.

ಮಾರ್ಚ್ ಸುಖವಾಗಿ ಕಳೆಯಿತು. ಗುಳಿ ಬೀಳುವುದು ನಿಂತಿತು. ಆಮೇಲೆ ಬಂತು ನೋಡು, ಮಾವಿನಕಾಯಿ.

ನಮ್ಮ ಬೀದಿಯಲ್ಲಿ ನಿನ್ನ ತಾಯಿಯ ಸ್ಥಾನ ಎಂಥದೆಂದು ನಿನಗೆ ಮತ್ತೆ ಹೇಳಬೇಕೆ. ಹೇಳುತ್ತೇನೆ, ಹೇಳುವುದರಲ್ಲಿ ನನಗೊಂದು ಸುಖವಿದೆ. ನಿಮ್ಮಪ್ಪನಿಗೆ ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ ವರ್ಷ, ಪಕ್ಕದ ಮನೆ ರಾಜ್ಯಶ್ರೀಯ ಅತ್ತೆ ಆವಕಾಯ ಉಪ್ಪಿನಕಾಯಿ ಕಲಸುತ್ತಿದ್ದರು. ಸಾರಿಗೆ ಬೆಲ್ಲ ಹಾಕುವ ಕನ್ನಡದವರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ನಗುತ್ತಾ ನನ್ನ ಅಂಗೈಗೂ ಒಂದಿಷ್ಟು ಹಾಕಿದರು. ನಾನು ನೆಕ್ಕಿದೆ. ಉಪ್ಪು ಸಾಲದು, ದಸರೆಗೆ ಮುಂಚೆ ಬೂಷ್ಟು ಹಿಡಿಯುತ್ತದೆ ಎಂದೆ. ನಮ್ಮ ಕಂಪನಿಯ ಅಡಿಗೆ ಮನೆಯಲ್ಲಿ ಊರೂರಿನ ನೀರಿಗೆ, ಊರೂರಿನ ಬೇಳೆಗೆ ಉಪ್ಪು ನೋಡಿ ನೋಡಿ ಪಳಗಿದ ನಾಲಿಗೆ ಇದು. ಶ್ರಾವಣದಲ್ಲೇ ಬೂಷ್ಟು ಬಂತು. ಅಂದಿನಿಂದ ಪಟಮಟದ ನಮ್ಮ ಬೀದಿಯಲ್ಲಿ, ಪಕ್ಕದ ಬೀದಿಯಲ್ಲೂ, ನಾನು ಅಂಗೈ ಒಡ್ಡಿ ನೆಕ್ಕಿ ಹೂಂ ಎನ್ನದೆ ಯಾರೂ ಜಾಡಿಗೆ ಉಪ್ಪಿನಕಾಯಿ ತುಂಬುವುದಿಲ್ಲ. ಬೆಳಿಗ್ಗೆ ಯಾರಾದರೊಬ್ಬರು ಕರೆಯಲು ಬರುತ್ತಾರೆ. ಕುಂಕುಮ ಕೊಡುತ್ತಾರೆ. ಕುರ್ಚಿ ಹಾಕುತ್ತಾರೆ. ಕಲಸುವ ಅಗಲ ತಟ್ಟೆಗಳು, ಪರಾತದ ಮುಂದೆ ಪರಾತ, ಮನೆಯಿಂದ ಮನೆಗೆ. ನಾನು ಜರಿಯಂಚಿನ ಸೀರೆ ಉಟ್ಟು ಹೋಗುತ್ತೇನೆ. ಇದು ನನ್ನ ಸೀಸನ್ನು, ನನ್ನ ರಂಗ.

ಈ ಸಲವೂ ಹೋದೆ. ಉಪ್ಪು ಬೇಡವೆಂದು ತಿಳಿಯದವಳೇನಲ್ಲ, ಬಾಯಿಪಾಠ ಒಪ್ಪಿಸಿದವಳು. ಆದರೆ ರುಚಿ ನೋಡುವುದು ಊಟವೇ ಎಂದು ನನ್ನೊಳಗಿನ ವಕೀಲ ವಾದ ಹೂಡಿದ. ಗೆದ್ದ. ಅದೂ ಸಾಲದೆಂದು ಬೆಳಗಿನ ನೀರಿನ ಮಾತ್ರೆಯನ್ನು, ಅಂದರೆ ಮೈಯಲ್ಲಿ ನಿಂತ ನೀರನ್ನು ಇಳಿಸುವ ಮಾತ್ರೆಯನ್ನು, ಬಿಟ್ಟೆ. ಯಾಕೆ ಬಿಟ್ಟೆ ಕೇಳು. ಅದನ್ನು ನುಂಗಿದರೆ ಮಧ್ಯಾಹ್ನದವರೆಗೆ ಬಚ್ಚಲಿಗೆ ಓಡಾಟ. ನೆರೆದ ಹೆಂಗಸರ ನಡುವೆ ನ್ಯಾಯಪೀಠದಲ್ಲಿ ಕೂತವಳು ಗಳಿಗೆಗೊಮ್ಮೆ ಎದ್ದು ಬಚ್ಚಲು ಎಲ್ಲಿ ಎಂದು ಕೇಳುವುದೇ. ರಾಜನ ಪಾರ್ಟಿನವನು ದರ್ಬಾರಿನ ನಡುವೆ ಕಿರೀಟ ಹಿಡಿದುಕೊಂಡು ಹೊರಗೆ ಹೋದದ್ದನ್ನು ಯಾರಾದರೂ ಕಂಡಿದ್ದಾರೆಯೇ. ಇನ್ನು ಆವಕಾಯದ ಖಾರಕ್ಕೆ ಬಾಯಿ ಉರಿದು, ಒಂದು ಪರಾತಕ್ಕೆ ಒಂದು ಚೊಂಬು ನೀರು. ಉಪ್ಪು ಒಳಗೆ, ನೀರು ಒಳಗೆ, ಹೊರಗೆ ಕಳಿಸುವ ಮಾತ್ರೆ ಮಾತ್ರ ಡಬ್ಬಿಯೊಳಗೆ. ಇದೇ ಆಟ ವಾರವಿಡೀ ನಡೆಯಿತು.

ತೂಕದ ಯಂತ್ರ ಸತ್ಯ ಹೇಳುತ್ತಿತ್ತು. ನಾನು ಅದನ್ನು ಮಂಚದ ಕೆಳಗೆ ತಳ್ಳಿದೆ. ನಿಮ್ಮಪ್ಪ ಎಳೆದು ಹೊರಗಿಡುವರು, ನಾನು ಮತ್ತೆ ತಳ್ಳುವೆನು. ಆ ಮನುಷ್ಯ ಇಡೀ ಸರ್ವೀಸಿನಲ್ಲಿ ಸಾಲಗಾರರನ್ನೇ ಗದರಿಸಲಿಲ್ಲ, ನನ್ನನ್ನು ಗದರಿಸುತ್ತಾರೆಯೇ.

ಆ ವಾರದ ಕೊನೆಗೆ ರಾಜ್ಯಶ್ರೀಯ ಮನೆ. ಹಜಾರದ ತುಂಬ ಹೆಂಗಸರು. ನಾನು ನೆಕ್ಕಿ, ಕಣ್ಣು ಮುಚ್ಚಿ, ತೀರ್ಪು ಶುರುಮಾಡಿದೆ. ಸಾಸಿವೆ ಹದವಾಗಿದೆ, ಎಣ್ಣೆ ಸಮೃದ್ಧವಾಗಿದೆ, ಆದರೆ ಲವಣದ ವಿಷಯಕ್ಕೆ ಬಂದರೆ... ಅಷ್ಟೇ. ದನಿ ಅಲ್ಲಿಗೇ ನಿಂತಿತು. ಬಯಲಾಟದ ಬಯಲು ದಾಟಿಸುತ್ತಿದ್ದ ದನಿ, ಜಾಹ್ನವಿ, ಒಂದು ಪರಾತ ದಾಟಲಿಲ್ಲ. ಮಾತಿಗೊಮ್ಮೆ ಉಸಿರು ಹುಡುಕಬೇಕಾಯಿತು. ಮೊದಲು ಅವರೆಲ್ಲ ನಾನು ನಾಟಕ ಮಾಡುತ್ತಿದ್ದೇನೆ ಎಂದುಕೊಂಡು ಕಾದರು. ರಾಜ್ಯಶ್ರೀಗೆ ಮಾತ್ರ ಗೊತ್ತಾಯಿತು.

“ಆಂಟೀ, ಸುಮ್ಮನಿರಿ. ಇನ್ನು ಮಾತಾಡಬೇಡಿ,” ಎಂದಳು.

ಜನ್ಮದಲ್ಲಿ ನನ್ನನ್ನು ಹಾಗೆ ಸುಮ್ಮನಿರಿಸಿದವರು ಯಾರೂ ಇರಲಿಲ್ಲ. ಮಸಾಲೆ ಮೆತ್ತಿದ ಕೈಯಲ್ಲೇ ಆಟೋ ಕರೆದಳು.

ಈಗ ಒಂದು ತಪ್ಪೊಪ್ಪಿಗೆ ಅನ್ನು, ಅಥವಾ ಒಂದು ಪ್ರಕಟಣೆ ಅನ್ನು. ಏಪ್ರಿಲ್ ಕೊನೆಯಲ್ಲಿ ನೀನು ಫೋನು ಮಾಡಿದಾಗ ಹಿಂದೆ ಗದ್ದಲ ಕೇಳಿಸಿತಲ್ಲ, ಅದು ಮದುವೆಮನೆಯಲ್ಲ, ವಾರ್ಡು. ನಾವು ಹೇಳಿದ ಮದುವೆ ನಡೆದೇ ಇಲ್ಲ. ನೀನು ಊಟಕ್ಕೆ ಏನು ಮಾಡಿದ್ದರು ಎಂದು ಕೇಳಿದ್ದಕ್ಕೆ ನಿಮ್ಮಪ್ಪ ನನ್ನ ಮುಖ ನೋಡಿ ಹೋಳಿಗೆ ಎಂದರು. ಅವರ ಪಕ್ಕದಲ್ಲಿ ನನ್ನ ಗಂಜಿಯ ಬಟ್ಟಲಿತ್ತು. ಆ ಮನುಷ್ಯ ಮೊದಲ ಸಲ ಪಾರ್ಟು ಹಾಕಿದ್ದು, ಮೊದಲ ಸಲಕ್ಕೇ ಗೆದ್ದರು. ಬಯ್ಯುವುದಿದ್ದರೆ ನನಗೆ ಬಯ್ಯಿ, ಪಾತ್ರ ಕೊಟ್ಟವಳು ನಾನು.

ಇಂಜೆಕ್ಷನ್ನಿನಿಂದ ನೀರು ಇಳಿಯಿತು, ಉಸಿರು ಮರಳಿತು. ಆಗ ರಾಜ್ಯಶ್ರೀ ನೋಡಲು ಬಂದಳು. ಮೂಸಂಬಿ ಸುಲಿಯುತ್ತಾ ಕೂತಳು. ಉಳಿದ ಮನೆಗಳವರೆಲ್ಲ ಮುಂದಿನ ವಾರ ಭಾನುವಾರಕ್ಕೆ ಕಾಯಿ ಹೇಳಿಯಾಗಿದೆ, ಹೆಚ್ಚಿದ ಹೋಳು ಕಾಯುವುದಿಲ್ಲ ಎಂದಳು. ಬೇರೆ ಯಾರನ್ನಾದರೂ ಕರೆಯೋಣವೇ ಎಂದು ಬಾಯಿ ಬಿಟ್ಟು ಕೇಳಲಿಲ್ಲ, ಒಳ್ಳೆಯ ಹುಡುಗಿ. ಆದರೆ ಬೀದಿಯ ಕೊನೆಯಲ್ಲಿ ಹೊಸದಾಗಿ ಬಂದಿರುವ ಗುಂಟೂರಿನವರೊಬ್ಬರ ನಾಲಿಗೆ ಚೆನ್ನಾಗಿದೆಯಂತೆ ಎಂದು ಸಿಪ್ಪೆಯನ್ನು ಕಾಗದದಲ್ಲಿ ಕಟ್ಟುತ್ತಾ ಅಂದಳು. ಹೃದಯಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಆಗ.

ಅವಳು ಹೋದ ಮೇಲೆ ಲಕ್ಷ್ಮೀಪ್ರಸನ್ನ ಬಂದಳು. ಗದರಿಸುತ್ತಾಳೆಂದು ನಾನು ಉತ್ತರ ಕಟ್ಟಿಕೊಂಡು ಕೂತಿದ್ದೆ. ಅವಳು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಆ ವಾರ ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡಿದಿರಿ, ಹೇಳಿ ಎಂದಳು. ನಾನು ಹೇಳಿದೆ. ಅಭಿನಯ ಸಹಿತ ಹೇಳಿದೆ. ಕಿರೀಟ ಹಿಡಿದುಕೊಂಡು ಹೊರಗೆ ಹೋಗುವ ರಾಜನ ಮಾತಿಗೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದ ಮಂಚದವರೂ ನಕ್ಕರು. ಆಮೇಲೆ ಅವಳು ಹೇಳಿದ್ದು, ಮನೆಯ ಅಡಿಗೆಗೆ ಉಪ್ಪು ಕಡಿಮೆ ಮಾಡಿ ಎಂದು ತಾನು ಕಲಿಸಿದ್ದು ಸರಿಯೇ, ಆದರೆ ಬೀದಿಗೆಲ್ಲ ಉಪ್ಪು ನೋಡುವವರೂ ಇರುತ್ತಾರೆಂದು ತನಗೆ ಹೊಳೆದಿರಲಿಲ್ಲ. ಇನ್ನು ಮುಂದೆ ಬೆಂಚಿನಲ್ಲಿ ಕೂತವರನ್ನು ಮೊದಲು ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿಯೇ ಪಾಠ ಶುರುಮಾಡುತ್ತಾಳಂತೆ. ನೀರಿನ ಮಾತ್ರೆಯ ಮಾತಿಗೆ, ಅದನ್ನು ಬಿಡುವುದು ಬೇಡ, ಹೊತ್ತು ಬದಲಿಸಬಹುದು, ಹೊರಗೆ ಹೋಗುವ ದಿನ ಮನೆಗೆ ಬಂದ ಮೇಲೆ ನುಂಗಬಹುದೇ ಎಂದು ಡಾಕ್ಟರನ್ನು ಕೇಳುತ್ತೇನೆ ಎಂದಳು. ಕೇಳಿದಳು, ಅವರು ಒಪ್ಪಿದರು. ನೋಡು, ಇಷ್ಟು ಸಣ್ಣ ವಿಷಯ. ಬಚ್ಚಲಿನ ನಾಚಿಕೆಗೆ ನಾನು ಜೀವ ಒಡ್ಡಿದ್ದೆ, ಅವಳು ಗಡಿಯಾರದ ಮುಳ್ಳು ಸರಿಸಿ ಬಗೆಹರಿಸಿದಳು.

ಉಳಿದದ್ದು ನಾಲಿಗೆ. ನಾಲಿಗೆಗೆ ತಾಗಿಸದೆ ಉಪ್ಪು ತಿಳಿಯುವ ದಾರಿ ಬೇರೆ ಇಲ್ಲವೇ ಅಮ್ಮಗಾರೂ ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಕಿವಿಯಲ್ಲಿ ಕೇಳಿ ತಿಳಿಯಲು ಉಪ್ಪೇನು ಸಂಗೀತವೇ ಎಂದೆ. ಇದಿಲ್ಲದಿದ್ದರೆ ನಾನು ಸುಮ್ಮನೆ ಒಬ್ಬ ರೋಗಿ, ಗುಂಟೂರಿನವರೇ ಕೂರಲಿ ಆ ಕುರ್ಚಿಯಲ್ಲಿ ಎಂದು ಗೋಡೆಯ ಕಡೆ ಹೊರಳಿದೆ.

ಆಗ ಕಿಟಕಿಯ ಹತ್ತಿರ ನಿಂತಿದ್ದ ನಿಮ್ಮಪ್ಪ, ಆ ಮೌನೇಶ್ವರ, ಕನ್ನಡಕ ಒರೆಸುತ್ತಾ ಬಾಯಿ ಬಿಟ್ಟರು.

“ಅಲ್ಲ ತುಳಸಿ, ನೈವೇದ್ಯದ ಅಡಿಗಿಗೆ ಉಪ್ಪು ಹೆಂಗ ಹಾಕ್ತಿ?”

ನಾನು ಉಗುರಿನಿಂದ ಗೋಡೆಯ ಸುಣ್ಣ ಕೆರೆದೆ.

“ದೇವರಿಗೆ ಎಡಿ ಇಡೋಕಿಂತ ಮೊದಲ ಎಂದೂ ರುಚಿ ನೋಡಿಲ್ಲ. ಇಷ್ಟು ವರ್ಷ ಉಂಡೇನಿ, ಉಪ್ಪು ಒಂದ ಸಲಾನೂ ತಪ್ಪಿಲ್ಲ.”

ಗೋಡೆ ನೋಡುತ್ತಾ ಮಲಗಿದ್ದವಳು ನಿಧಾನವಾಗಿ ಇತ್ತ ಹೊರಳಿದೆ. ಲಕ್ಷ್ಮೀಪ್ರಸನ್ನ ಏನಂದರು ಅಂಕಲ್ ಎಂದು ಕೇಳಿದಳು. ತೆಲುಗಿನಲ್ಲಿ ಹೇಳಿದೆವು. ಅವಳ ಮುಖ ದೀಪ ಹಚ್ಚಿದಂತಾಯಿತು. ಅವರ ಮನೆಯಲ್ಲೂ ದೇವರ ಅಡಿಗೆಯನ್ನು ಯಾರೂ ಎಂಜಲು ಮಾಡುವುದಿಲ್ಲವಂತೆ. ಹಾಗಾದರೆ ನಿಮ್ಮ ಕೈಗೆ ಗೊತ್ತಿದೆ, ನಾಲಿಗೆಗೆ ರಜೆ ಕೊಡಿ ಎಂದಳು. ನಾನು ಬಿಗುಮಾನದಿಂದ, ಯೋಚಿಸುತ್ತೇನೆ ಎಂದೆ. ಒಳಗೆ ಆಗಲೇ ಸೀರೆ ಆರಿಸುತ್ತಿದ್ದೆ.

ಮನೆಗೆ ಕಳಿಸಿದರು. ಭಾನುವಾರ ಬಂತು. ಬೆಳಿಗ್ಗೆ ತೂಕ ನೋಡಿದೆ, ಮುಳ್ಳು ಇದ್ದಲ್ಲೇ ಇತ್ತು. ಅಳತೆಯ ನೀರಿನ ಬಾಟಲಿಯನ್ನು ನಿಮ್ಮಪ್ಪ ಚೀಲದಲ್ಲಿಟ್ಟುಕೊಂಡು, ಮೈಗಾವಲಿನಂತೆ ಹಿಂದೆ ಬಂದರು. ರಾಜ್ಯಶ್ರೀಯ ಹಜಾರದಲ್ಲೇ ಎಲ್ಲರ ಪರಾತಗಳೂ ಸೇರಿದ್ದವು. ಮನೆ ಮನೆ ತಿರುಗಿಸುವುದು ಬೇಡವೆಂದು ಅವಳೇ ಏರ್ಪಾಡು ಮಾಡಿದ್ದಳು. ಗುಂಟೂರಿನವರೂ ಬಂದಿದ್ದರು. ನಾನು ಕುರ್ಚಿಯಲ್ಲಿ ಕೂತು ಘೋಷಿಸಿದೆ. ಈ ವರ್ಷದಿಂದ ತುಳಸಮ್ಮ ಕಲಸಿದ ಮೇಲೆ ರುಚಿ ನೋಡುವವಳಲ್ಲ, ಕಲಸುವ ಮುಂಚೆ ಉಪ್ಪು ಹಾಕುವವಳು.

ಗುಜುಗುಜು ಎದ್ದಿತು. ಬಾಯಿಗೆ ಮುಟ್ಟಿಸದೆ ಹೇಗೆ ತಿಳಿಯುತ್ತದೆ ಎಂದು ಯಾರೋ ಕೇಳಿದರು. ನಿಮ್ಮ ಮನೆ ದೇವರು ಎಂದಾದರೂ ಉಪ್ಪು ಸಾಲದು ಎಂದು ಎಲೆ ಬಿಟ್ಟು ಎದ್ದಿದ್ದಾನೆಯೇ ಎಂದು ರಾಜ್ಯಶ್ರೀಯೇ ಅವರ ಬಾಯಿ ಮುಚ್ಚಿಸಿದಳು. ಒಂದೊಂದು ಪರಾತದ ಮುಂದೆ ಕೂತೆ. ಹೋಳನ್ನು ಎತ್ತಿ ಓಟೆಯ ಹತ್ತಿರ ಮೂಸಿ ಹುಳಿ ಎಷ್ಟಿದೆ ನೋಡಿದೆ. ತಿರುಳು ಎಷ್ಟು ಗಟ್ಟಿ ಎಂದು ಉಗುರಿನಿಂದ ಒತ್ತಿದೆ. ಹೋಳಿನ ರಾಶಿಯನ್ನು ಕಣ್ಣಿನಿಂದ ತೂಗಿದೆ. ಆಮೇಲೆ ಕಣ್ಣು ಮುಚ್ಚಿ ಕಲ್ಲುಪ್ಪಿನೊಳಗೆ ಕೈ ಇಳಿಸಿದೆ. ಮುಷ್ಟಿ ಎಲ್ಲಿ ಮುಚ್ಚಬೇಕೋ ಅಲ್ಲಿ ತಾನೇ ಮುಚ್ಚಿಕೊಂಡಿತು, ಜಾಹ್ನವಿ. ಅಷ್ಟು ವರ್ಷ ಚಪ್ಪಾಳೆಯೆಲ್ಲ ನಾಲಿಗೆಗೇ ಸಿಕ್ಕಿತ್ತು. ಕೆಲಸ ಮಾಡುತ್ತಿದ್ದದ್ದು ಕೈ. ಬೆರಳಿಗೆ ಅಂಟಿದ ಉಪ್ಪನ್ನು ನೆಕ್ಕಬೇಕೆಂದು ಎಷ್ಟು ಆಸೆಯಾಯಿತೆಂದರೆ ಹೇಳತೀರದು. ನಿಮ್ಮಪ್ಪ ನಲ್ಲಿಯ ಹತ್ತಿರ ಟವೆಲು ಹಿಡಿದು ನಿಂತಿದ್ದರು. ಹೋಗಿ ತೊಳೆದುಕೊಂಡೆ. ಮನೆಗೆ ಬಂದು ನೀರಿನ ಮಾತ್ರೆ ನುಂಗಿದೆ, ನನ್ನದೇ ಬಚ್ಚಲು, ನನ್ನದೇ ಓಡಾಟ.

ಮೂರನೆಯ ದಿನ ಆವಕಾಯ ತಿರುವಿ ರುಚಿ ನೋಡುವ ದಿನ. ನನಗೆ ಬೆಳಗಿನಿಂದ ಎದೆ ಢವಢವ. ಇದು ರೋಗದ ಢವಢವ ಅಲ್ಲ, ಪರದೆ ಏಳುವ ಮುಂಚಿನದು. ಗುಂಟೂರಿನವರೇ ನೆಕ್ಕಿದರು. ಒಂದು ಪರಾತ ಸರಿ ಎಂದರು. ಇನ್ನೊಂದು ಸರಿ. ಹೀಗೇ ಎಲ್ಲ ಮುಗಿದು ರಾಜ್ಯಶ್ರೀಯ ಎರಡನೇ ಪರಾತಕ್ಕೆ ಬಂದರು. ಅಲ್ಲಿ ಅವರು ಇನ್ನೊಮ್ಮೆ ನೆಕ್ಕಿದರು. ಕಡಿಮೆಯಾಗಿತ್ತು. ನನ್ನ ಕೈ ತಪ್ಪಿತ್ತು. ನಾನು ಸೋಲು ಒಪ್ಪಿಕೊಳ್ಳುವ ಮಾತನ್ನು ಹುಡುಕುವಷ್ಟರಲ್ಲಿ ರಾಜ್ಯಶ್ರೀ ಉಪ್ಪಿನ ಡಬ್ಬಿ ತಂದು ನನ್ನ ಮುಂದಿಟ್ಟಳು.

“ಕಡಿಮೆ ತಾನೇ ಆಂಟಿ, ಹಾಕಿದರಾಯಿತು. ಹೆಚ್ಚಾಗಿದ್ದಿದ್ದರೆ ತೆಗೆಯುವುದು ಹೇಗೆ. ಹಾಕಿ, ನಿಮ್ಮ ಕೈಯಿಂದಲೇ.”

ಹಾಕಿದೆ. ಗುಂಟೂರಿನವರು ನೆಕ್ಕಿ, ಈಗ ಸರಿಹೋಯಿತು ಎಂದರು. ಕುರ್ಚಿ ಉಳಿಯಿತು. ಅವರ ಹೆಸರು ಸೂರ್ಯಕಾಂತಮ್ಮ. ಒಳ್ಳೆಯವರೇ, ನಾಲಿಗೆ ಚುರುಕಾಗಿದೆ. ನನ್ನ ಕೈ, ಅವರ ನಾಲಿಗೆ ಎಂದು ಒಪ್ಪಂದವಾಗಿದೆ.

ಕಳೆದ ಬುಧವಾರ ಲಕ್ಷ್ಮೀಪ್ರಸನ್ನ ನನ್ನನ್ನು ಬೆಂಚಿನ ಮುಂದೆ ನಿಲ್ಲಿಸಿದಳು. ನಿಯಮ ಒಪ್ಪಿಸಬೇಡಿ, ಪರಾತದ ಕಥೆ ಹೇಳಿ ಎಂದಳು. ಹೇಳಿದೆ. ಮಾತ್ರೆ ಡಬ್ಬಿಯೊಳಗೇ ಉಳಿದ ಮಾತಿಗೆ ಬಂದಾಗ, ಹಿಂದಿನ ಬೆಂಚಿನಿಂದ ಒಬ್ಬ ಸಿಟಿ ಬಸ್ಸಿನ ಡ್ರೈವರ್ ಎದ್ದು, ತಾನೂ ಡ್ಯೂಟಿಯ ದಿನ ಆ ಮಾತ್ರೆ ನುಂಗುವುದಿಲ್ಲ, ಬಸ್ಸು ಎಲ್ಲಿ ನಿಲ್ಲಿಸಲಿ ಎಂದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಆ ಸಣ್ಣ ದನಿಯ ಹುಡುಗಿ ಅವರವರ ಹತ್ತಿರ ಹೋಗಿ ಕೂತು, ಅವರವರ ಕೆಲಸದ ಹೊತ್ತು ಕೇಳಿಕೊಂಡಳು. ಯಾರೂ ಒನ್ಸ್ ಮೋರ್ ಎನ್ನಲಿಲ್ಲ. ನನಗೆ ಬೇಸರವಾಗಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬು.

ಸುಖವಾಗಿದ್ದೇನೆ ಮಗಳೇ. ಮೊಸರನ್ನಕ್ಕೆ ಉಪ್ಪಿನಕಾಯಿ ಇಲ್ಲ, ನಿಂಬೆರಸ, ಕರಿಬೇವು ಇದೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೇನೆ. ನಿಂತಾಗ ಕೆಳಗಿನ ಮನೆಯವರ ಸುದ್ದಿಯೆಲ್ಲ ಸಿಗುತ್ತದೆ. ರಜೆ ಸಿಕ್ಕಾಗ ಬಾ. ಓಡಿ ಬರಬೇಡ, ನಡೆದು ಬಾ.

ನಿನ್ನ ಹೆತ್ತವಳು, ಪಟಮಟದ ಉಪ್ಪಿನ ಒಡತಿ,
ತುಳಸಿ

ತಾ. ಕ.: ಒಂದು ಮಾತು ಬಿಟ್ಟಿದ್ದೆ. ಆಸ್ಪತ್ರೆಯಿಂದ ಬರುವ ದಿನ ಲಕ್ಷ್ಮೀಪ್ರಸನ್ನಳನ್ನು ಒಬ್ಬಳನ್ನೇ ಕರೆದು, ಹೃದಯ ಮೊದಲಿನಂತೆ ಯಾವಾಗ ಆಗುತ್ತದೆ ಎಂದು ಕೇಳಿದೆ. ಮೊದಲಿನಂತೆ ಆಗುವುದಿಲ್ಲ ಅಮ್ಮಗಾರೂ, ಹೀಗೆಯೇ ನೋಡಿಕೊಂಡರೆ ಬಹಳ ಕಾಲ ಜೊತೆಗೆ ನಡೆಯುತ್ತದೆ ಎಂದಳು. ಸುಳ್ಳು ಹೇಳಲಿಲ್ಲ, ಅದಕ್ಕೇ ಅವಳ ಮಾತು ಕೇಳುತ್ತೇನೆ. ನಿಮ್ಮಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. ಅವರಿಗೆ ಗೊತ್ತಿದೆ. ಅದು ನನಗೆ ಹೇಗೆ ತಿಳಿಯಿತೆಂದರೆ, ನಿನ್ನೆ ಸಂಜೆ ಕಲ್ಲುಪ್ಪಿನ ಡಬ್ಬಿ ತಂದು ನನ್ನೆದುರು ನೆಲದ ಮೇಲೆ ಕೂತರು. ನನ್ನ ಕೈಯ ಅಳತೆ ಕಲಿಯುವವರಂತೆ ಕೈ ಹಾಕಿ ಮುಷ್ಟಿ ತುಂಬಿ ಎತ್ತಿ, ಒಂದು ಪರಾತಕ್ಕೆ ಇಷ್ಟ ಸಾಕೇನು ಎಂದು ಕೇಳಿದರು. ನಾನೂ ಏನೂ ಗೊತ್ತಿಲ್ಲದವಳಂತೆ, ನಿಮ್ಮ ಕೈ ದೊಡ್ಡದು, ಸ್ವಲ್ಪ ಸಡಿಲ ಬಿಡಿ ಎಂದೆ.